ಹಳಿಯಾಳದ ಎಂಟು ಚಿಪ್‌ಗಳ ಜೊತೆ ಜರ್ಮನಿಗೆ

ಹಳಿಯಾಳ

ಜರ್ಮನಿಗೆ ಹೋಗಿ ಬಂದೆ ಎಂದರೆ ಸಾಕು, ನಮ್ಮ ಬಂಗೂರನಗರದಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಏನೇನ ನೋಡಿ ಬಂದ್ರಿ?" ನಿಜ ಹೇಳಬೇಕೆಂದರೆ ಹೋಗುವಾಗ ನಾನು ಹೆಚ್ಚಾಗಿ ನೋಡಿದ್ದು ನನ್ನ ಮಡಿಲನ್ನು. ಮಡಿಲಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಡಬ್ಬಿಯೊಳಗೆ ಎರಡು ಅಂಗೈಯಷ್ಟು ಅಗಲದ ಒಂದು ಹಸಿರು ಬೋರ್ಡು, ಬೋರ್ಡಿನ ಮೇಲೆ ಎಂಟು ಚಿಪ್. ಅವು ಕೆಟ್ಟರೆ ಎರಡು ಕಂಪ್ಯೂಟರ್‌ಗಳು ಒಟ್ಟಿಗೇ ಸತ್ತಂತೆ. ಒಂದು ನಮ್ಮದು, ಇನ್ನೊಂದು ಜರ್ಮನಿಯವರದು.

ನನ್ನ ಹೆಸರು ಸುಮಾ. ದಾಂಡೇಲಿಯ ಬಂಗೂರನಗರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ತಿರುಗಿ ಬರುವ ಪೈಕಿ ನಾನು. ಇಂಥವಳ ಕೈಗೆ ಆ ಡಬ್ಬಿ ಹೇಗೆ ಬಂತು ಎನ್ನುವುದನ್ನು ಮೊದಲು ಹೇಳಬೇಕು.

ಹಳಿಯಾಳದಲ್ಲಿ ಲಾರಿಗಳನ್ನು ತೂಗುವ ಒಂದು ಹಳೆಯ ಕಾಟಾ ಇತ್ತು. ಕಟ್ಟಿಗೆ, ಕಬ್ಬು, ಬಿದಿರು ಹೇರಿದ ಲಾರಿಗಳೆಲ್ಲ ಒಂದು ಕಾಲಕ್ಕೆ ಅದರ ಮೇಲೆ ಹತ್ತಿ ಇಳಿದು ಹೋಗುತ್ತಿದ್ದವು. ಕಾಟಾದ ಸಾಹುಕಾರರು ಮುಂಬೈಯಲ್ಲಿ ಬಾಗಿಲು ಹಾಕುತ್ತಿದ್ದ ಯಾವುದೋ ಆಫೀಸಿನಿಂದ ಒಂದು ಕಂಪ್ಯೂಟರ್ ತಂದು, ತೂಕದ ಲೆಕ್ಕಕ್ಕೆಂದೇ ಪ್ರೋಗ್ರಾಮ್ ಬರೆಸಿ, ಶಾಂತಾಬಾಯಿ ಎನ್ನುವವರನ್ನು ಅದರ ಮುಂದೆ ಕೂರಿಸಿದರು. ಸುತ್ತಮುತ್ತ ಯಾರೂ ಕಂಪ್ಯೂಟರ್ ಕಂಡಿರದ ದಿನಗಳು ಅವು. ಈಗ ಸಾಹುಕಾರರೂ ಇಲ್ಲ, ಕಾಟಾವೂ ಇಲ್ಲ. ಮನೆಯವರು ಜಾಗ ಮಾರಿದ್ದಾರೆ. ಎಪ್ಪತ್ತು ದಾಟಿದ ಶಾಂತಾಬಾಯಿ ಯಾರನ್ನೋ ಕೇಳಿ ನನ್ನ ನಂಬರ್ ಹುಡುಕಿ, ಫೋನ್ ಮಾಡಿ ಕರೆಸಿಕೊಂಡರು.

ಕಾಟಾದ ಕೋಣೆಯಲ್ಲಿ ಹೊಲಿದ ಬಟ್ಟೆಯ ಗವಸು ಹೊದ್ದು ಅದು ಕೂತಿತ್ತು. ಗವಸು ತೆಗೆದರೆ ಟೇಬಲ್ಲಿನಷ್ಟು ದೊಡ್ಡ ಮೈ, ಅಂಗೈಯಗಲದ ಪರದೆ, ಮೈಗೇ ಅಂಟಿಕೊಂಡ ಕೀಲಿಮಣೆ. ಕಂಪನಿಯ ಹೆಸರಿನ ಪಟ್ಟಿ ಎಂದೋ ಕಿತ್ತುಹೋಗಿತ್ತು. ಸ್ವಿಚ್ ಹಾಕಿದರೆ ಉಸಿರಿಲ್ಲ.

"ನನ್ನ ವಯಸ್ಸೆಲ್ಲಾ ಇದರ ಮುಂದ ಹೋತು ಸುಮಾ," ಎಂದರು ಶಾಂತಾಬಾಯಿ. "ನಾಳೆ ಇದನ್ನ ಗುಜರಿಗೆ ಹಾಕಿದ್ರ ನಾ ಏನ್ ಕೆಲಸಾ ಮಾಡಿದ್ದೆ ಅಂತ ಯಾರಿಗರ ಏನ್ ತೋರಸ್ಲಿ?"

ನಮ್ಮ ಪ್ರಿನ್ಸಿಪಾಲರನ್ನು ಕೇಳಿದೆ. ಅವರು ಕೆಟ್ಟವರಲ್ಲ, ಆದರೆ ಕಾಲೇಜಿನಲ್ಲಿ ಜಾಗ ಎಂದರೆ ಅವರ ಜೀವ. "ಚಾಲೂ ಆದ್ರ ಲ್ಯಾಬಿನಾಗ ಒಂದ ಮೂಲಿ ಕೊಡ್ತೇನ್ರಿ ಮೇಡಮ್ಮರ. ಬರೇ ದೀಪ ಹತ್ತಿದ್ರ ಆಗೂದಿಲ್ಲ, ಕೆಲಸಾ ಮಾಡಿ ತೋರಿಸಬೇಕ. ಗುಜರಿ ಇಡಾಕ ನಮ್ಮಲ್ಲಿ ಜಾಗಾ ಇಲ್ಲ," ಎಂದರು. ಬೇಸಿಗೆ ಬರುವ ಮೊದಲು ಕಾಟಾದ ಕೋಣೆ ಖಾಲಿಯಾಗಬೇಕಿತ್ತು.

ಯಾವ ಯಂತ್ರ ಎಂದೇ ಗೊತ್ತಿಲ್ಲದೆ ರಿಪೇರಿ ಹೇಗೆ? ಫೋಟೋ ತೆಗೆದು ಹಳೆಯ ಕಂಪ್ಯೂಟರ್ ಹುಚ್ಚಿನವರು ಸೇರುವ ಇಂಟರ್ನೆಟ್ ಕಟ್ಟೆಗಳಿಗೆಲ್ಲ ಹಾಕಿದೆ. ಒಬ್ಬರು ಟೆಲೆಕ್ಸ್ ಎಂದರು, ಒಬ್ಬರು ಬಸ್ ಟಿಕೆಟ್ ಯಂತ್ರ ಎಂದರು. ಕಡೆಗೆ ಜರ್ಮನಿಯಿಂದ ಡೀಟರ್ ಎನ್ನುವ ನಿವೃತ್ತ ಎಂಜಿನಿಯರ್ ಉತ್ತರ ಬರೆದರು. ಕೀಲಿಮಣೆಯಲ್ಲಿ ಮೂರು ಸೊನ್ನೆಗೆ ಒಂದೇ ಗುಂಡಿ ಇದೆಯಲ್ಲ, ಅದರ ಪಕ್ಕದ ಗುಂಡಿ ಕಿತ್ತಳೆ ಬಣ್ಣದ್ದೇ ಎಂದು ಕೇಳಿದರು. ಹೌದು ಎಂದೆ. ಆ ಮಾದರಿ ತಮ್ಮ ಊರಿನ ಹತ್ತಿರವೇ, ವ್ಯಾಪಾರಿಗಳ ಲೆಕ್ಕಕ್ಕೆಂದು ತಯಾರಾಗುತ್ತಿತ್ತಂತೆ. ಹಳೆಯ ಕಂಪ್ಯೂಟರ್‌ಗಳನ್ನು ಉಳಿಸುವ ಅವರ ಸಂಘದ ಬಳಿ ಅಂಥದ್ದು ಒಂದಿದೆ, ಮೈ ಗಟ್ಟಿಯಾಗಿದೆ, ಆದರೆ ಬ್ಯಾಟರಿ ಸೋರಿ ಚಿಪ್‌ಗಳು ಕೊಳೆತುಹೋಗಿವೆ. ನಮ್ಮದರಲ್ಲಿ ಕರೆಂಟಿನ ಭಾಗ ಸುಟ್ಟಿತ್ತು, ಚಿಪ್‌ಗಳು ನೋಡಲು ಚೆನ್ನಾಗಿದ್ದವು. ಆ ಚಿಪ್‌ಗಳಲ್ಲಿರುವುದನ್ನು ಓದಿ ನಕಲು ಮಾಡುವ ಸಾಧನ ಅವರ ಕಾರ್ಯಾಗಾರದಲ್ಲಿತ್ತು. ಹೋಗಿ ಬರುವ ವ್ಯವಸ್ಥೆ ಸಂಘದ್ದೇ ಎಂದೂ ಬರೆದರು.

ಚಿಪ್‌ಗಳ ಬೋರ್ಡನ್ನಷ್ಟೇ ಬಿಚ್ಚಿ ಪಾರ್ಸೆಲ್ ಮಾಡೋಣವೇ ಎಂದು ಕೇಳಿದಾಗ ಶಾಂತಾಬಾಯಿ ನನ್ನನ್ನು ನೋಡಿದ ರೀತಿ ಇನ್ನೂ ಮರೆತಿಲ್ಲ.

"ಪೋಸ್ಟಿನ್ಯಾಗ? ಸಾಹುಕಾರ್ರು ನನ್ನ ಕೈಯಾಗ ಕೊಟ್ಟಿದ್ರು, ನಾ ನಿನ್ನ ಕೈಯಾಗ ಕೊಡಾಕತ್ತೇನಿ. ನೀ ಅವರ ಕೈಯಾಗ ಕೊಡು. ನಡುವ ಯಾರೂ ಬರಬಾರದ ನೋಡು."

ಮುಂಡಗೋಡ

ಹೊರಡುವ ಮೊದಲು ಶಾಂತಾಬಾಯಿ ನನ್ನನ್ನು ಮುಂಡಗೋಡಕ್ಕೆ ಎಳೆದುಕೊಂಡು ಹೋದರು. ಅವರ ತಂಗಿಯ ಮನೆ ಅಲ್ಲೇ ಪಕ್ಕದ ಇಂದೂರು ಎನ್ನುವ ಹಳ್ಳಿಯಲ್ಲಿ. ತಂಗಿಯನ್ನು ನೋಡುವುದು ನೆಪ, ನಿಜವಾದ ಕೆಲಸ ಟಿಬೆಟಿಯನ್ ಕ್ಯಾಂಪಿನ ಅಂಗಡಿಯಲ್ಲಿತ್ತು. ಜನವರಿಯ ಜರ್ಮನಿ ಎಂದರೆ ನಾನು ಹೆಪ್ಪುಗಟ್ಟಿ ಬೋರ್ಡಿನ ಸಮೇತ ಬಿದ್ದುಬಿಡುತ್ತೇನೆ ಎನ್ನುವುದು ಅವರ ಭಯ. ದಪ್ಪ ಉಣ್ಣೆಯ ಕಾಲುಚೀಲಗಳನ್ನು ಕೈಯಲ್ಲಿ ಹಿಡಿದು ಹಿಂಡಿ ನೋಡಿ ಆರಿಸಿದರು.

"ಕಾಲ ಬೆಚ್ಚಗಿದ್ರ ಕೈ ನಡಗೂದಿಲ್ಲ," ಎಂದರು. ಅಂಗಡಿಯ ಅಜ್ಜಿಯೂ ತಲೆಯಾಡಿಸಿದರು.

ಜೋಯಿಡಾ ದಾರಿ

ಗೋವೆಯ ವಿಮಾನ ನಿಲ್ದಾಣಕ್ಕೆ ಜೋಯಿಡಾ ಮೇಲೆ ಹಾದು ಹೋಗುವ ಬಾಡಿಗೆ ಜೀಪು. ಚಾಲಕ ಜೋಯಿಡಾದವನೇ, ಮನೆಯಲ್ಲಿ ಕೊಂಕಣಿ, ನನ್ನೊಡನೆ ಕನ್ನಡ. ಒಂದೊಂದು ತಗ್ಗಿಗೂ ನಾನು ಡಬ್ಬಿಯನ್ನು ಎರಡೂ ಕೈಯಲ್ಲಿ ಗಾಳಿಗೆ ಎತ್ತುತ್ತಿದ್ದೆ. ಕನ್ನಡಿಯಲ್ಲಿ ಅವನು ಇದನ್ನು ಸಾಕಷ್ಟು ಹೊತ್ತು ನೋಡಿದ.

"ಬಾಯಿ, ಡಬ್ಬ್ಯಾಗ ದೇವರ ಅದಾರೇನ್ರಿ?"

"ಹಂಗ ತಿಳೀರಿ," ಎಂದೆ. ಅಲ್ಲಿಂದ ಘಾಟು ಇಳಿಯುವವರೆಗೆ ಅವನು ಹಾಡು ಹಚ್ಚಲಿಲ್ಲ, ಒಂದು ಬೀಡಿ ಕೂಡ ಸೇದಲಿಲ್ಲ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಡಬ್ಬಿ ಬಿಚ್ಚಿಸಿದರು. ಈ ಚಿಪ್‌ಗಳ ನೆತ್ತಿಯ ಮೇಲೆ ಒಂದು ಗಾಜಿನ ಕಿಂಡಿ ಇರುತ್ತದೆ. ಬಿಸಿಲು ಬಹಳ ಕಾಲ ಬಿದ್ದರೆ ಒಳಗಿನ ಬರಹ ಅಳಿಸಿಹೋಗುತ್ತದೆ, ಅದಕ್ಕೇ ಮೇಲೆ ಕಾಗದದ ಚೀಟಿ ಅಂಟಿಸಿರುತ್ತಾರೆ. ಅಧಿಕಾರಿ ಉಗುರಿನಿಂದ ಒಂದು ಚೀಟಿಯ ಅಂಚು ಎಬ್ಬಿಸತೊಡಗಿದ. ಒಂದು ಕ್ಷಣದ ಬೆಳಕಿಗೆ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೂ ನನ್ನ ಬಾಯಿಂದ ಒಂದು ಕೂಗು ಬಂತು. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಮತ್ತೆ ಕಾಲೇಜಿನ ಪತ್ರ, ಡೀಟರ್‌ರ ಪತ್ರ, ಹಿರಿಯ ಅಧಿಕಾರಿ, ಎಲ್ಲ ಆಯಿತು. ಹಿರಿಯವರು ಬೋರ್ಡನ್ನು ತಿರುಗಿಸಿ ನೋಡಿ, "ಇಷ್ಟು ಹಳೇದಕ್ಕೆ ಇಷ್ಟೊಂದು ಗಾಬರಿಯಾ ಮೇಡಂ?" ಎಂದು ನಕ್ಕು ಬಿಟ್ಟರು. ನಗು ಬರುವ ಸ್ಥಿತಿಯಲ್ಲಿ ನಾನಿರಲಿಲ್ಲ. ವಿಮಾನದಲ್ಲಿ ಊಟದ ತಟ್ಟೆಯನ್ನು ಡಬ್ಬಿಯ ಮೇಲೆ ಇಟ್ಟುಕೊಂಡು ಉಂಡೆ.

ಕಪ್ಪು ಕಾಡಿನ ಊರು, ಮೊದಲ ದಿನ

ಡೀಟರ್ ಇರುವುದು ಜರ್ಮನಿಯ ಕಪ್ಪು ಕಾಡು ಎನ್ನುವ ಸೀಮೆಯ ಒಂದು ಸಣ್ಣ ಊರಿನಲ್ಲಿ. ಎತ್ತರದ, ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ, ಇಬ್ಬರಿಗೂ ಅದು ಎರವಲಿನದು. ಸೀಮೆಯ ಹೆಸರಿನಲ್ಲಿ ಕಾಡು ಇದ್ದರೂ ನನ್ನ ಕಣ್ಣಿಗೆ ಅದು ಕಾಡಿನ ಹಾಗೆ ಕಾಣಲಿಲ್ಲ. ನಮ್ಮ ದಾಂಡೇಲಿಯ ಕಾಡಿನಲ್ಲಿ ಯಾವ ಮರ ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಿರುವುದಿಲ್ಲ. ಇಲ್ಲಿ ಮರಗಳು ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದವು. ಕಡಿದ ಕಟ್ಟಿಗೆಯನ್ನು ಮಾತ್ರ ಮನೆಗಳ ಗೋಡೆಗೆ ಒಟ್ಟಿದ್ದರು, ಅದನ್ನು ಕಂಡು ಸ್ವಲ್ಪ ಸಮಾಧಾನವಾಯಿತು.

ಸ್ಟೇಷನ್ನಿನಿಂದ ನಡೆದು ಹೋಗುವಾಗ ರಸ್ತೆ ದಾಟಬೇಕಾಯಿತು. ಎಡಕ್ಕೂ ಬಲಕ್ಕೂ ಕಣ್ಣು ಹಾಯುವಷ್ಟು ದೂರ ಒಂದು ಸೈಕಲ್ಲೂ ಇಲ್ಲ. ಆದರೂ ಕೆಂಪು ದೀಪವಿದೆ ಎಂದು ಡೀಟರ್ ನಿಂತರು. ಹಿಮ ಬೀಳುತ್ತಿತ್ತು. ಡಬ್ಬಿಯನ್ನು ಕೋಟಿನೊಳಗೆ ಅವುಚಿಕೊಂಡು ನಾನೂ ನಿಂತೆ. ನಮ್ಮ ಹಳಿಯಾಳ ಬಸ್ ಸ್ಟ್ಯಾಂಡಿನ ಎದುರು ಹೀಗೆ ಖಾಲಿ ರಸ್ತೆಗೆ ಕಾಯುತ್ತಾ ನಿಂತರೆ ಯಾರಾದರೂ ಬಂದು ತಲೆ ತಿರುಗುತ್ತಿದೆಯೇ ಎಂದು ಕೇಳುತ್ತಾರೆ.

ಸಂಘದ ಕಾರ್ಯಾಗಾರ ಒಂದು ಹಳೆಯ ಶಾಲೆಯ ನೆಲಮನೆಯಲ್ಲಿತ್ತು. ಅಲ್ಲಿ ಚಿಪ್ ಓದುವ ಕೆಲಸ ಉಲ್ರಿಕೆ ಎನ್ನುವ ಹೆಂಗಸಿನದು. ನನ್ನ ವಯಸ್ಸಿನವರೇ, ಕತ್ತರಿಸಿದ ಬಿಳಿ ಕೂದಲು. ಅವರು ಸಾಧನ ಸಿದ್ಧ ಮಾಡಲು ಒಳಕ್ಕೆ ಹೋಗಿದ್ದರು. ಡೀಟರ್ ನನ್ನ ಕೋಟು ತೂಗುಹಾಕಲು ಗೋಡೆಯ ಕಡೆಗೆ ತಿರುಗಿದರು.

ಬಾಗಿಲಲ್ಲಿ ನಾನು ಬೂಟು ಬಿಚ್ಚಿದೆ.

ಇದರಲ್ಲಿ ವಿಚಾರ ಮಾಡುವಂಥದ್ದು ನನಗೇನೂ ಕಾಣಲಿಲ್ಲ. ನಮ್ಮಲ್ಲಿ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋದವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. ಲ್ಯಾಬಿನ ಬಾಗಿಲಿಗೆ ನನ್ನದೇ ಕೈಬರಹದ ಫಲಕವಿದೆ. ಶಾಂತಾಬಾಯಿಯೂ ಕಾಟಾದ ಕೋಣೆಯ ಹೊರಗೇ ಚಪ್ಪಲಿ ಬಿಡುತ್ತಿದ್ದರಂತೆ, ಲಾರಿ ಡ್ರೈವರುಗಳಿಗೂ ಅದೇ ಕಾನೂನು. ಇಷ್ಟು ದೂರದಿಂದ ಹೊತ್ತು ತಂದ ಬೋರ್ಡನ್ನು ಬೂಟುಗಾಲಿನಲ್ಲಿ ಒಪ್ಪಿಸುವುದೇ? ಮುಂಡಗೋಡದ ಉಣ್ಣೆಯ ಕಾಲುಚೀಲದಲ್ಲಿ, ಅವರ ಉದ್ದನೆಯ ನೈಲಾನ್ ಜಮಖಾನೆಯ ಮೇಲೆ, ಭಕ್ತಿಯಿಂದ ಕಾಲೆಳೆಯುತ್ತಾ ಒಳಗಿನ ಮೇಜಿನವರೆಗೆ ನಡೆದೆ. ಡಬ್ಬಿ ಇಟ್ಟೆ, ಮುಚ್ಚಳ ತೆಗೆದೆ, ಸುತ್ತಿದ್ದ ಬಟ್ಟೆ ಬಿಚ್ಚಿದೆ. ಕೈಯಾರೆ ಕೊಡಬೇಕಲ್ಲ ಎಂದು ಬೋರ್ಡಿನತ್ತ ಬೆರಳು ಚಾಚಿದೆ.

ಚಟ್ ಎಂದಿತು. ನೀಲಿ ಕಿಡಿ ನನ್ನ ಬೆರಳಿನಿಂದ ಎಂಟನೆಯ ಚಿಪ್‌ನ ಕಾಲಿಗೆ ಹಾರಿತು. ನೋವಾಯಿತು. ಅದಕ್ಕಿಂತ ಹೆಚ್ಚಾಗಿ, ಏನಾಯಿತೆಂದು ಆ ಕ್ಷಣದಲ್ಲೇ ತಿಳಿಯಿತು. ಉಲ್ರಿಕೆ ಒಳಗಿನಿಂದ ಏನೋ ಕೂಗುತ್ತಾ ಓಡಿ ಬಂದರು. ನನ್ನ ಕಾಲು ನೋಡಿದರು, ಜಮಖಾನೆ ನೋಡಿದರು, ಬೋರ್ಡು ನೋಡಿದರು, ಕುರ್ಚಿಯ ಮೇಲೆ ಕೂತುಬಿಟ್ಟರು.

ಚಳಿಗಾಲದಲ್ಲಿ ಹೀಟರ್ ಹಚ್ಚಿದ ಕೋಣೆಯ ಗಾಳಿ ಒಣಗಿ ಹಪ್ಪಳವಾಗಿರುತ್ತದೆ. ಅದರಲ್ಲಿ ಉಣ್ಣೆ ನೈಲಾನಿಗೆ ತಿಕ್ಕಿದರೆ ಮೈಯಲ್ಲಿ ಸ್ಥಾಯಿ ವಿದ್ಯುತ್ತು ತುಂಬಿಕೊಳ್ಳುತ್ತದೆ, ಹಳೆಯ ಚಿಪ್‌ಗೆ ಅದು ಸಿಡಿಲಿಗೆ ಸಮ. ಇದನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ. ಎರಡು ಅಂಕದ ಪ್ರಶ್ನೆ. ಆದರೆ ಕಾಳಿ ನದಿಯ ದಂಡೆಯ ತೇವದ ಗಾಳಿಯಲ್ಲಿ, ಬರಿಗಾಲಿನಲ್ಲಿ, ನೆಲದ ಕಲ್ಲಿನ ಮೇಲೆ ಓಡಾಡುವ ನನಗೆ ಜೀವನದಲ್ಲಿ ಒಮ್ಮೆಯೂ ಕಿಡಿ ಹಾರಿರಲಿಲ್ಲ. ಆ ಕಾರ್ಯಾಗಾರದವರು ಬೂಟು ಬಿಚ್ಚುವುದಿಲ್ಲ, ಅವರ ಬೂಟಿನ ಅಟ್ಟೆಯೇ ಆ ವಿದ್ಯುತ್ತನ್ನು ನೆಲಕ್ಕೆ ಇಳಿಸುವಂಥದ್ದು. ಮರ್ಯಾದೆಗೆಂದು ಮಾಡಿದ್ದು ಹೀಗಾಯಿತು.

"ನಾನು ಬಾಗಿಲಲ್ಲೇ ಹೇಳಬೇಕಿತ್ತು," ಎಂದರು ಡೀಟರ್. ಬಯ್ದಿದ್ದರೆ ಚೆನ್ನಾಗಿತ್ತು. ನಾನು ಅವರ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಎರಡನೆಯ ದಿನ

ಏಳು ಚಿಪ್‌ಗಳು ಸಲೀಸಾಗಿ ಓದಿಸಿಕೊಂಡವು. ಎಂಟನೆಯದು ಓದಿದಾಗಲೆಲ್ಲ ಬೇರೆಯೇ ಹೇಳುತ್ತಿತ್ತು, ಜ್ವರದಲ್ಲಿ ಬಡಬಡಿಸುವವರ ಹಾಗೆ. ಅದರಲ್ಲೇ ಇತ್ತು ಹಳಿಯಾಳದ ಕಾಟಾದ ಪ್ರೋಗ್ರಾಮ್.

ಉಲ್ರಿಕೆ ಸೋಲೊಪ್ಪುವ ಹೆಂಗಸಲ್ಲ. ವಿದ್ಯುತ್ತನ್ನು ಚೂರು ಇಳಿಸಿ ಓದಿದರು, ಏರಿಸಿ ಓದಿದರು. ಎಲ್ಲ ಓದುಗಳನ್ನೂ ಉಳಿಸಿಟ್ಟುಕೊಂಡು, ಒಂದೊಂದು ಜಾಗದಲ್ಲೂ ಹೆಚ್ಚು ಸಲ ಬಂದದ್ದನ್ನೇ ಸರಿ ಎಂದು ಇಟ್ಟುಕೊಳ್ಳುವುದು ಅವರ ಉಪಾಯ. ಕೇಳಲು ಸರಳ, ಆದರೆ ಬೇಗ ಮುಗಿಯುವ ಕೆಲಸವಲ್ಲ. ನಾನು ಅವರ ಹೆಗಲ ಹಿಂದೆ ನಿಂತು ನಿಟ್ಟುಸಿರು ಬಿಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವರು ತಿರುಗಿ, "ನಿಮ್ಮ ಉಸಿರು ಚಿಪ್‌ಗೆ ಕೇಳಿಸುವುದಿಲ್ಲ, ನನಗೆ ಕೇಳಿಸುತ್ತದೆ," ಎಂದರು. ಡೀಟರ್ ನನ್ನನ್ನು ಹೊರಗೆ ಕರೆದುಕೊಂಡು ಹೋದರು.

ಊರೆಲ್ಲ ತಿರುಗಿಸಿದರು. ಆ ಚಳಿಯಲ್ಲಿ ಜನ ಮನೆಯ ಕಿಟಕಿಗಳನ್ನು ಹಾರುಹೊಡೆದು ನಿಂತಿದ್ದರು. ಬೆಳಿಗ್ಗೆ ಒಮ್ಮೆ ಗಾಳಿ ಬದಲಿಸದಿದ್ದರೆ ಇವರಿಗೆ ಸಮಾಧಾನವಿಲ್ಲವಂತೆ. ಸಂಜೆಗೆ ತಣ್ಣನೆಯ ಬ್ರೆಡ್ಡು, ಅದರ ಮೇಲೆ ತಣ್ಣನೆಯ ಚೀಸು, ಅದೇ ಊಟ. ನನಗೆ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ನೆನಪಾಯಿತು. ಡೀಟರ್ ಏನು ತೋರಿಸಿದರೂ ನಾನು ಹೂಂ ಎನ್ನುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಶಾಂತಾಬಾಯಿಗೆ ಏನು ಹೇಳಲಿ ಎನ್ನುವುದೊಂದೇ ತಿರುಗುತ್ತಿತ್ತು.

ಭಾನುವಾರ

ಭಾನುವಾರ ಅಲ್ಲಿ ಯಾರೂ ಸದ್ದು ಮಾಡುವಂತಿಲ್ಲ, ಮೊಳೆ ಹೊಡೆಯುವುದೂ ತಪ್ಪು. ಆದರೂ ಉಲ್ರಿಕೆ ಬಂದರು. ಎಂಟನೆಯ ಚಿಪ್‌ನ ಓದು ರಾತ್ರಿಯೇ ಕೂಡಿಬಂದಿತ್ತಂತೆ. ಹೊಸ ಚಿಪ್‌ಗಳಿಗೆ ನಕಲು ಇಳಿಸಿ, ತಮ್ಮ ಯಂತ್ರಕ್ಕೆ ಕೂರಿಸಿ, ಸ್ವಿಚ್ಚನ್ನು ನನಗೇ ತೋರಿಸಿದರು. ಈ ಸಲ ನನ್ನ ಕಾಲಲ್ಲಿ ಬೂಟು ಇತ್ತು, ಮುಂಗೈಗೆ ನೆಲಕ್ಕಿಳಿಯುವ ತಂತಿಯ ಪಟ್ಟಿ ಕಟ್ಟಿದ್ದರು. ಸ್ವಿಚ್ಚು ಹಾಕಿದೆ.

ಪರದೆ ಹಸಿರಾಯಿತು. ಅಕ್ಷರಗಳು ಮೂಡಿದವು. ಜರ್ಮನಿಯ ಆ ನೆಲಮನೆಯಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ಹಳಿಯಾಳ ಎಂದು ಬರೆದಿತ್ತು. ಅದರ ಕೆಳಗೆ, ಆಪರೇಟರ್ ಕೋಡ್ ಕೊಡಿ ಎಂದು ಕೇಳುತ್ತಿತ್ತು. ಡೀಟರ್ ಮೂಗು ಒರೆಸಿಕೊಂಡರು. ಉಲ್ರಿಕೆ ನನ್ನನ್ನು ಅಪ್ಪಿಕೊಂಡರು.

ಕೋಡ್ ಕೇಳಲು ಶಾಂತಾಬಾಯಿಗೆ ವಿಡಿಯೋ ಕಾಲ್ ಮಾಡಿದೆ. ಪರದೆ ತೋರಿಸಿದೆ. ಅವರು ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡು ನೋಡಿದರು.

"ಬಾಯಾರ, ಕೋಡ್ ಏನಿತ್ರಿ?"

"ಅದನ್ನ ಹೇಳೂದಿಲ್ಲವಾ."

"ಯಾಕ್ರಿ?"

"ಯಾರ ಮುಂದನೂ ಹೇಳಬ್ಯಾಡ ಅಂತ ಸಾಹುಕಾರ್ರು ಹೇಳಿದ್ರು. ಅವರ ಮಕ್ಕಳಿಗೂ ಹೇಳಿಲ್ಲ ನಾ. ನಿನ್ನ ಹಿಂದ ಯಾರೋ ಇಬ್ಬರ ನಿಂತಾರ."

"ಸಾಹುಕಾರ್ರು ಹೋಗಿ ಎಷ್ಟ ವರ್ಷಾತ್ರಿ ಬಾಯಾರ!"

"ಅವರ ಹೋಗ್ಯಾರ. ಮಾತ ಹೋಗೇತೇನ? ಮಶೀನ ಚಾಲೂ ಮಾಡಿ ಕೊಡು, ನಾನ ಒತ್ತತೇನಿ."

ಡೀಟರ್‌ಗೆ ಅನುವಾದ ಮಾಡಿ ಹೇಳಿದೆ. ಓದಿಟ್ಟ ಬರಹದೊಳಗೆ ಕೋಡ್ ಎಲ್ಲೋ ಇದ್ದೇ ಇರುತ್ತದೆ, ಹುಡುಕುವುದು ಕಷ್ಟವಲ್ಲ, ಹುಡುಕಲೇ ಎಂದು ಕೇಳಿದರು. ಬೇಡ ಎಂದೆ. ಹೇಳಿದ ಮರುಕ್ಷಣವೇ ನನಗೆ ಇನ್ನೊಂದು ವಿಚಾರ ಹೊಳೆಯಿತು. ಶಾಂತಾಬಾಯಿ ಮರೆತಿದ್ದರೆ? ಮರೆತದ್ದನ್ನು ಹೇಳಲು ನಾಚಿಕೊಂಡು ಸಾಹುಕಾರರ ಮಾತಿನ ಹಿಂದೆ ಅಡಗಿಕೊಂಡಿದ್ದರೆ? ವಾಪಸು ಬರುವ ದಾರಿಯುದ್ದಕ್ಕೂ, ನಮಗೆಂದೇ ಮತ್ತೊಮ್ಮೆ ನಕಲಿಳಿಸಿದ ಹೊಸ ಚಿಪ್‌ಗಳು, ಅವರ ಬಳಿ ಹೆಚ್ಚಿಗೆ ಇದ್ದು ಕೊಟ್ಟ ಕರೆಂಟಿನ ಭಾಗ ಎಲ್ಲವೂ ಚೀಲದಲ್ಲಿ ಭದ್ರವಾಗಿದ್ದರೂ, ನನಗೆ ಅದೊಂದೇ ಚಿಂತೆ.

ಮತ್ತೆ ಬಂಗೂರನಗರ

ಯಂತ್ರವನ್ನು ಹಳಿಯಾಳದಿಂದ ಟೆಂಪೋದಲ್ಲಿ ತಂದು, ಲ್ಯಾಬಿನಲ್ಲಿ ಇಟ್ಟು, ಕರೆಂಟಿನ ಭಾಗ ಬದಲಿಸಿದೆ. ಹೊಸ ಚಿಪ್ ಕೂರಿಸಿದೆ. ಪರದೆ ಹತ್ತಿತು. ಪ್ರಿನ್ಸಿಪಾಲರು ಬಂದು ನೋಡಿ, "ದೀಪ ಅಂತೂ ಹತ್ತೇತ್ರಿ," ಎಂದರು. ಆ ಮಾತಿನ ಅರ್ಥ ನನಗೆ ಗೊತ್ತಿತ್ತು.

ಶಾಂತಾಬಾಯಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದರು. ಯಂತ್ರದ ಮುಂದೆ ಕೂತವರೇ ನಮ್ಮ ಕಡೆ ತಿರುಗಿ ಅಪ್ಪಣೆ ಮಾಡಿದರು.

"ಎಲ್ಲಾರೂ ಆ ಕಡೆ ಮಾರಿ ಮಾಡ್ರಿ. ನೀವೂ ಸರ."

ಪ್ರಿನ್ಸಿಪಾಲರು, ನಾನು, ಇಬ್ಬರು ಲೆಕ್ಚರರುಗಳು ಗೋಡೆ ನೋಡುತ್ತಾ ನಿಂತೆವು. ಗುಂಡಿಗಳ ಸದ್ದು ಕೇಳಿತು. ಆಮೇಲೆ ಯಂತ್ರ ಒರಟಾಗಿ ಕಿರುಚಿತು. ತಪ್ಪು. ಮತ್ತೆ ಗುಂಡಿಗಳ ಸದ್ದು, ಮತ್ತೆ ಅದೇ ಕಿರುಚು. ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡರು. ನಾನು ಗೋಡೆಯ ಸುಣ್ಣವನ್ನೇ ನೋಡುತ್ತಿದ್ದೆ. ಡೀಟರ್ ಹುಡುಕಿಕೊಡುತ್ತೇನೆ ಎಂದಾಗ ಹೂಂ ಎಂದಿದ್ದರೆ ಈ ಮುದುಕಿಗೆ ಇಷ್ಟು ಜನರ ಮುಂದೆ ಹೀಗಾಗುತ್ತಿರಲಿಲ್ಲ ಎನ್ನಿಸಿ ಕಣ್ಣು ತುಂಬಿತು.

"ಈ ಕುರ್ಚಿ ಎತ್ತರ ಆಗೇತಿ ಸುಮಾ," ಎಂದರು ಶಾಂತಾಬಾಯಿ. "ಕೈ ಎಲ್ಲೆಲ್ಲೋ ಹೊಂಟಾವ. ಕಟಗಿ ಕುರ್ಚಿ ಇದ್ರ ತಾ."

ಆಫೀಸಿನಿಂದ ಒಂದು ಗಿಡ್ಡ ಕಟ್ಟಿಗೆಯ ಕುರ್ಚಿ ತಂದುಕೊಟ್ಟು ಮತ್ತೆ ಗೋಡೆಗೆ ಮುಖ ಮಾಡಿದೆ. ಈ ಸಲ ಗುಂಡಿಗಳ ಸದ್ದು ನಿಲ್ಲದೆ, ಒಂದೇ ಓಟದಲ್ಲಿ ಬಂತು. ಯಂತ್ರ ಕಿರುಚಲಿಲ್ಲ.

"ಇನ್ನ ತಿರಗ್ರಿ."

ತಿರುಗಿದೆವು. ಪರದೆಯ ಮೇಲೆ ಹೊಸ ಸಾಲುಗಳಿದ್ದವು. ಶಾಂತಾಬಾಯಿ ನಮ್ಮ ಕಡೆ ನೋಡಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ಕೈ ಕೀಲಿಮಣೆಯ ಮೇಲಿಟ್ಟು, ಅವರು ಕೆಲಸಕ್ಕೆ ಕೂತಿದ್ದರು.

"ಗಾಡಿ ನಂಬರ ಹೇಳ್ರಿ."

ಲೆಕ್ಚರರುಗಳು ಪ್ರಿನ್ಸಿಪಾಲರ ಕಡೆ ನೋಡಿದರು.

"ಲಗೂ ಹೇಳ್ರಿ, ಹಿಂದ ಪಾಳಿ ನಿಂತೇತಿ."

ಪ್ರಿನ್ಸಿಪಾಲರು ತಡವರಿಸುತ್ತಾ ತಮ್ಮ ಕಾರಿನ ನಂಬರ್ ಹೇಳಿದರು. ಶಾಂತಾಬಾಯಿ ಪರದೆಯಿಂದ ಕಣ್ಣು ಕೀಳದೆ ಒತ್ತಿದರು.

"ಲೋಡ್ ಐತೇನ, ಖಾಲಿನ?"

"ಖಾಲಿ ಐತ್ರಿ ಬಾಯಾರ," ಎಂದರು ಪ್ರಿನ್ಸಿಪಾಲರು, ಪಾಳಿಯಲ್ಲಿ ನಿಂತ ಲಾರಿ ಡ್ರೈವರನ ಹಾಗೆ ಕೈಕಟ್ಟಿ ನಿಂತು.

"ಹಂಗಾರ ಕಾಟಾದ ಮ್ಯಾಲೆ ಹತ್ತಸ್ರಿ," ಎಂದರು ಶಾಂತಾಬಾಯಿ.